ನೆಲದ ಓದಿಗೆ ನೆಲ ನೋಡಿ ಕಾಲೇಜು

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಮತ್ತು ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷ ಪೂರೈಸಿದ ಕನ್ನಡ ಶಾಲೆಯ ಅಂಗಳದಲ್ಲಿ ನಿಂತು ನಾಲ್ಕು ಮಾತನಾಡುವ ಅವಕಾಶ ದೊರೆತದ್ದು ನನ್ನ ಭಾಗ್ಯ. ಈ ಶಾಲೆ ಆರಂಭವಾದ ಕಾಲಕ್ಕೆ ನಮ್ಮ ಸೀಮೆ ಮದರಾಸು ಪ್ರಾಂತ್ಯದಲ್ಲಿತ್ತು. ರಾಯದುರ್ಗವು ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಅದಕ್ಕೆ ಸೇರಿದವು. 2022ರಲ್ಲಿ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು. ಎಲ್ಲೆಗಳು ಹೀಗೆ ಬದಲಾದರೂ ನಮ್ಮ ಹೊಲಗಳ ಮಣ್ಣು ಬದಲಾಗಲಿಲ್ಲ, ಮಳೆಯೂ ಹೆಚ್ಚಲಿಲ್ಲ.

ನೈಸರ್ಗಿಕ ಸಂಪನ್ಮೂಲ ನಿರ್ವಹಣೆಯನ್ನು ಓದಬಯಸುವ ನಮ್ಮ ಮಕ್ಕಳು ಯಾವ ಕಾಲೇಜನ್ನು ಆರಿಸಿಕೊಳ್ಳಬೇಕು ಎಂಬುದು ಇಂದು ನನಗೆ ವಹಿಸಿರುವ ವಿಷಯ. ಹೆಸರು ದೊಡ್ಡದಾಗಿ ಕೇಳಿದರೂ ಅರ್ಥ ಸರಳ. ಮಣ್ಣು, ನೀರು, ಮರ, ಮೇವುಗಳನ್ನು ಕೆಡದಂತೆ ಬಳಸಿ ಮುಂದಿನವರಿಗೆ ಉಳಿಸಿಕೊಡುವ ವಿದ್ಯೆ ಇದು. ನಮ್ಮ ದೇಶದಲ್ಲಿ ಪದವಿ ಮಟ್ಟದಲ್ಲಿ ಈ ವಿದ್ಯೆ ಹೆಚ್ಚಾಗಿ ಬೇರೆ ಹೆಸರುಗಳ ಅಡಿಯಲ್ಲಿಯೇ ದೊರೆಯುತ್ತದೆ. ಬಿ.ಎಸ್ಸಿ. ಕೃಷಿ, ಅರಣ್ಯಶಾಸ್ತ್ರ, ತೋಟಗಾರಿಕೆ, ರೇಷ್ಮೆ ಕೃಷಿ, ಬಿ.ಟೆಕ್. ಕೃಷಿ ಎಂಜಿನಿಯರಿಂಗ್ ಇವೆಲ್ಲ ನಾಲ್ಕು ವರ್ಷಗಳ ಪದವಿಗಳು. ಆದ್ದರಿಂದ ಪದವಿಯ ಹೆಸರನ್ನಷ್ಟೇ ಹುಡುಕದೆ, ಅದರೊಳಗೆ ಏನನ್ನು ಕಲಿಸುತ್ತಾರೆ ಎಂಬುದನ್ನು ನೋಡಬೇಕು.

ನನ್ನ ಮಾತಿನ ಸಾರವನ್ನು ಮೊದಲೇ ಹೇಳಿಬಿಡುತ್ತೇನೆ. ನೆಲದ ಓದಿಗೆ ಹೋಗುವವರು ನೆಲವನ್ನು ನೋಡಿ ಕಾಲೇಜನ್ನು ಆರಿಸಬೇಕು. ವೈದ್ಯವಿದ್ಯೆಯನ್ನು ಎಲ್ಲಿ ಕಲಿತರೂ ಮನುಷ್ಯದೇಹ ಒಂದೇ. ಮಣ್ಣಿನ ವಿದ್ಯೆ ಹಾಗಲ್ಲ. ಮಳೆ ಧಾರಾಳವಾಗಿ ಸುರಿಯುವ ನಾಡಿನಲ್ಲಿ ಹೆಚ್ಚಾದ ನೀರನ್ನು ಹೊರಗೆ ಹರಿಸುವುದು ಮೊದಲ ಪಾಠವಾದರೆ, ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ನಮ್ಮಲ್ಲಿ ಬಿದ್ದ ಹನಿಯನ್ನು ಹೊಲದಲ್ಲಿಯೇ ಇಂಗಿಸುವುದು ಮೊದಲ ಪಾಠ.

ನಮ್ಮ ಎರಡು ತಾಲ್ಲೂಕುಗಳೇ ಒಂದರಂತೆ ಒಂದಿಲ್ಲ. ರಾಯದುರ್ಗದ ಉತ್ತರಕ್ಕೆ ಕಣೇಕಲ್ಲು, ಬೊಮ್ಮನಹಾಳುಗಳ ಕಡೆ ಎರೆಭೂಮಿಯಿದೆ, ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ನೀರಿದೆ. ಅಲ್ಲಿಯೇ ವೇದಾವತಿಯ ದಂಡೆಯ ಮರಳು ಗಾಳಿಗೆ ಎದ್ದು ಹೊಲಗಳನ್ನು ಮುಚ್ಚುತ್ತಿದೆ. ಡಿ. ಹಿರೇಹಾಳಿನ ಕಡೆ ಕಬ್ಬಿಣದ ಅದಿರಿಗಾಗಿ ಅಗೆದ ಗುಡ್ಡಗಳಿವೆ. ಇತ್ತ ಮಡಕಶಿರ, ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರಗಳಲ್ಲಿ ಕೆಮ್ಮಣ್ಣು, ಗರಸು ನೆಲ. ಶೇಂಗಾ, ಹಿಪ್ಪುನೇರಳೆ, ನೀರಿದ್ದಲ್ಲಿ ಅಡಿಕೆ. ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಕೊಳವೆಬಾವಿ. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಈ ಸೀಮೆಯಲ್ಲಿಯೇ ಇದೆ. ಕೆರೆ ಕಟ್ಟಿ ಬಾಳಿದ ನಾಡಿನಲ್ಲಿ ಕೆರೆಯ ಹೂಳು ತೆಗೆಯುವವರು ವಿರಳವಾಗಿದ್ದಾರೆ.

ಈ ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಕಾಲೇಜುಗಳತ್ತ ನೋಡೋಣ. ಆಚಾರ್ಯ ಎನ್.ಜಿ. ರಂಗಾ ಕೃಷಿ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರಿಂಗ್ ಕಾಲೇಜು ನಮ್ಮ ಮಡಕಶಿರದಲ್ಲಿಯೇ ಇದೆ. ಮಣ್ಣು ಮತ್ತು ನೀರಿನ ಸಂರಕ್ಷಣೆ, ನೀರಾವರಿ, ಕೃಷಿ ಯಂತ್ರಗಳು ಈ ಪದವಿಯ ಮುಖ್ಯ ಪಾಠಗಳು. ಮನೆಯ ಮುಂದಿನ ಗಿಡ ಮದ್ದಲ್ಲ ಎಂಬಂತೆ ನಾವು ಅದನ್ನು ಕಡೆಗಣಿಸಬಾರದು. ಹೆಣ್ಣುಮಕ್ಕಳನ್ನು ದೂರ ಕಳುಹಿಸಲು ಹಿಂಜರಿಯುವ ತಂದೆತಾಯಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಬಿತ್ತನೆ, ಕಳೆ, ಕಟಾವುಗಳಲ್ಲಿ ಹೊಲದ ಹೊರೆ ಹೊರುವ ಹೆಂಗಸರ ಮನೆಯಿಂದ ಬಂದ ಹುಡುಗಿಗಿಂತ ಈ ವಿದ್ಯೆಗೆ ಯೋಗ್ಯರು ಯಾರು? ಇದೇ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳು ಅನಂತಪುರದ ಬಳಿಯ ರೇಕುಲಕುಂಟೆಯಲ್ಲಿಯೂ ಶೇಂಗಾ ತಳಿಗಳಿಗೆ ಹೆಸರಾದ ಕದಿರಿಯಲ್ಲಿಯೂ ಇವೆ.

ಗಡಿಯಾಚೆ ನೋಡಿದರೆ, ರಾಯದುರ್ಗದ ಎರೆಭೂಮಿಯ ಮಕ್ಕಳಿಗೆ ರಾಯಚೂರು ಕೃಷಿ ವಿಶ್ವವಿದ್ಯಾಲಯ ಹತ್ತಿರದ್ದು. ತುಂಗಭದ್ರೆಯ ಕಾಲುವೆ ಹರಿದು ಜವುಳಾದ, ಉಪ್ಪೇರಿದ ಭೂಮಿಯನ್ನು ಸರಿಪಡಿಸುವ ಸಂಶೋಧನೆ ಅದರ ಗಂಗಾವತಿ ಕೇಂದ್ರದಲ್ಲಿ ನಡೆಯುತ್ತದೆ. ಕೆಮ್ಮಣ್ಣಿನವರಿಗೆ 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಒಣಬೇಸಾಯ ಸಂಶೋಧನೆ ಒದಗುತ್ತದೆ. ರೇಷ್ಮೆಯ ಮನೆಗಳವರಿಗೆ ಅದೇ ವಿಶ್ವವಿದ್ಯಾಲಯದ ಚಿಂತಾಮಣಿ ರೇಷ್ಮೆ ಕೃಷಿ ಕಾಲೇಜಿದೆ. ಶಿರಸಿ ಮತ್ತು ಪೊನ್ನಂಪೇಟೆಗಳ ಅರಣ್ಯ ಕಾಲೇಜುಗಳು ಹೆಸರುವಾಸಿಯಾದವು. ಆದರೆ ಅವು ನಮ್ಮ ಮಳೆಯ ಹಲವು ಪಟ್ಟು ಮಳೆ ಬೀಳುವ ಮಲೆನಾಡಿನವು. ಅಲ್ಲಿಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಕಾಡಿನ ಸೇವೆಗೆ ಹೊರಟವರು ಅವಶ್ಯವಾಗಿ ಹೋಗಲಿ. ಊರಿನ ಕುರುಚಲು ಗುಡ್ಡವನ್ನು ಹಸಿರು ಮಾಡುವ ಆಸೆಯಿದ್ದವರು ಮಾತ್ರ, ರಜೆಯಲ್ಲಿ ಬಂದು ಇಲ್ಲಿನ ಕಮರ, ತುಗ್ಗಲಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕಾಗುತ್ತದೆ.

ಇನ್ನು ನಮ್ಮವರಲ್ಲಿ ಎಲ್ಲರಿಗೂ ತಿಳಿದಿರದ ಒಂದು ಸಂಗತಿ. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆ ಒಂದು ವಿಧಿಯಿದೆ. ಕಾಸರಗೋಡು, ಅಕ್ಕಲಕೋಟೆ, ಜತ್ತ ಮುಂತಾದ ತಾಲ್ಲೂಕುಗಳ ಜೊತೆಗೆ ಆದವಾನಿ, ಆಲೂರು, ರಾಯದುರ್ಗ, ಮಡಕಶಿರ ತಾಲ್ಲೂಕುಗಳನ್ನು ಅಲ್ಲಿ ಹೆಸರಿಸಲಾಗಿದೆ. ಈ ತಾಲ್ಲೂಕುಗಳಲ್ಲಿ ನೆಲೆಸಿ ಓದಿದ ಕನ್ನಡಿಗ ಮಕ್ಕಳು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಈ ವಿಧಿಯಡಿ ಅರ್ಹತೆ ಪಡೆಯಬಹುದು. ಎಷ್ಟು ವರ್ಷದ ವ್ಯಾಸಂಗ, ಯಾವ ಪ್ರಮಾಣಪತ್ರ ಎಂಬುದನ್ನು ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿಯೇ ಓದಿ. ಅವರಿವರ ಬಾಯಿಮಾತನ್ನು ನಂಬಬೇಡಿ. ವ್ಯಾಸಂಗ ಪ್ರಮಾಣಪತ್ರಗಳನ್ನು ಮೊದಲಿನಿಂದಲೂ ಜೋಪಾನ ಮಾಡಿ. ಕನ್ನಡದಿಂದ ಹೊಟ್ಟೆ ತುಂಬುವುದೇ ಎಂದು ಕೇಳಿ ಮಕ್ಕಳನ್ನು ಈ ಶಾಲೆಯಿಂದ ಬಿಡಿಸುವ ಬಂಧುಗಳು ಇದನ್ನು ಯೋಚಿಸಬೇಕು. ಕನ್ನಡ ಓದಲು ಬರೆಯಲು ಬಾರದ ಮಗುವಿಗೆ ಈ ಬಾಗಿಲು ತೆರೆಯುವುದಿಲ್ಲ.

ಹಾಗೆಂದು ತೆಲುಗನ್ನು ದೂರ ಮಾಡುವಂತಿಲ್ಲ. 2019ರಲ್ಲಿ ಆಂಧ್ರಪ್ರದೇಶ ಸರ್ಕಾರ ಗ್ರಾಮ ಸಚಿವಾಲಯಗಳನ್ನು ಸ್ಥಾಪಿಸಿ ಕೃಷಿ, ತೋಟಗಾರಿಕೆ, ರೇಷ್ಮೆ ಸಹಾಯಕರನ್ನು ನೇಮಿಸಿತು. ಅಂತಹ ಕೆಲಸದಲ್ಲಿ ಕಡತ ತೆಲುಗಿನದು, ನಮ್ಮ ರೈತನ ಮಾತು ಕನ್ನಡದ್ದು. ಎರಡನ್ನೂ ಬಲ್ಲ ನಮ್ಮ ಮಗುವಿಗೆ ಅಲ್ಲಿ ಸಮಾನರಿಲ್ಲ. ಕಾಲೇಜಿನ ಪಾಠ ಇಂಗ್ಲಿಷಿನಲ್ಲಿ ನಡೆಯುವುದರಿಂದ ಮೊದಲ ವರ್ಷ ಕಷ್ಟವಾಗುವುದು ನಿಜ. ಆದರೆ ಬದು, ಒಡ್ಡು, ತೂಬು, ಕೋಡಿ, ಹದ, ಜವುಳು ಎಂಬ ಮಾತುಗಳನ್ನು ಬಲ್ಲ ಮಗುವಿಗೆ ವಿಷಯ ಹೊಸದಲ್ಲ, ಅದರ ಇಂಗ್ಲಿಷ್ ಹೆಸರು ಮಾತ್ರ ಹೊಸದು.

ಕಾಲೇಜನ್ನು ಆರಿಸುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಕಟ್ಟಡಕ್ಕಿಂತ ಮೊದಲು ಕಾಲೇಜಿನ ಹೊಲವನ್ನು ನೋಡಿ. ಅಲ್ಲಿ ಯಾವ ಮಣ್ಣಿದೆ, ನೀರು ಎಲ್ಲಿಂದ ಬರುತ್ತದೆ, ವಿದ್ಯಾರ್ಥಿಗಳು ತಾವೇ ಗುದ್ದಲಿ ಹಿಡಿಯುತ್ತಾರೆಯೇ ಎಂದು ಕೇಳಿ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಯಲ್ಲಿ ತಂಗಿ ರೈತರೊಡನೆ ಕೆಲಸ ಮಾಡುವ ವ್ಯವಸ್ಥೆಯಿದೆ; ಅದು ಯಾವ ಹಳ್ಳಿಗಳಲ್ಲಿ, ಎಷ್ಟು ಶ್ರದ್ಧೆಯಿಂದ ನಡೆಯುತ್ತದೆ ಎಂದು ವಿಚಾರಿಸಿ. ಖಾಸಗಿ ಕಾಲೇಜಾದರೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲು ತಿಳಿದುಕೊಳ್ಳಿ. ಮಾನ್ಯತೆಯಿಲ್ಲದ ಪದವಿಗಾಗಿ ಹೊಲವನ್ನು ಅಡವಿಡುವ ಸ್ಥಿತಿ ಯಾವ ಮನೆಗೂ ಬಾರದಿರಲಿ.

ಇನ್ನೊಂದು ಎಚ್ಚರಿಕೆಯ ಮಾತು. ಈ ಆಯ್ಕೆ ನಡೆಯುವುದು ಇಂಟರ್‌ಮೀಡಿಯೆಟ್ ಮುಗಿದ ಮೇಲಲ್ಲ, ಹತ್ತನೆಯ ತರಗತಿ ಮುಗಿದ ಕೂಡಲೇ. ಆಂಧ್ರದಲ್ಲಿ ಬಿ.ಎಸ್ಸಿ. ಕೃಷಿಗೆ ಜೀವಶಾಸ್ತ್ರ ಓದಿರಬೇಕು, ಕೃಷಿ ಎಂಜಿನಿಯರಿಂಗಿಗೆ ಗಣಿತ ಓದಿರಬೇಕು. ಹದಿನಾರನೆಯ ವಯಸ್ಸಿನಲ್ಲಿ ಗೆಳೆಯರನ್ನು ನೋಡಿ ಗುಂಪನ್ನು ಆರಿಸಿದವರಿಗೆ ಎರಡು ವರ್ಷದ ನಂತರ ಆಯ್ಕೆಯೇ ಇರುವುದಿಲ್ಲ. ಉಪಾಧ್ಯಾಯರು ಹತ್ತನೆಯ ತರಗತಿಯ ಮಕ್ಕಳಿಗೆ ಇದನ್ನು ಜನವರಿಯಲ್ಲಿಯೇ ತಿಳಿಸಬೇಕೆಂದು ಕೋರುತ್ತೇನೆ. ಈ ಕಾಲೇಜುಗಳಲ್ಲಿ ಓದಿದ ಹಿರಿಯ ವಿದ್ಯಾರ್ಥಿಗಳು ವರ್ಷಕ್ಕೊಂದು ದಿನ ಬಂದು ಮಕ್ಕಳೊಡನೆ ಕುಳಿತು ಅರ್ಜಿ ತುಂಬಿಸಿಕೊಟ್ಟರೆ ಅದಕ್ಕಿಂತ ದೊಡ್ಡ ಕಾಣಿಕೆ ಈ ಶಾಲೆಗೆ ಬೇಕಿಲ್ಲ.

ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳು ಪ್ರತಿ ಬೇಸಗೆಯಲ್ಲಿ ತುಂಬಿಹೋಗುತ್ತವೆ. ಹೋಗುವವರನ್ನು ತಡೆಯುವ ಹಕ್ಕು ನಮಗಿಲ್ಲ. ಆದರೆ ಊರಿನ ಕೆರೆ, ಹೊಲ, ಗುಡ್ಡಗಳನ್ನು ಬಲ್ಲ ಹತ್ತು ಮಂದಿ ವಿದ್ಯಾವಂತರು ಪ್ರತಿ ಹೋಬಳಿಯಲ್ಲಿ ಉಳಿದರೆ, ಮಿಕ್ಕವರಿಗೆ ಮರಳಿ ಬರಲು ಒಂದು ಊರಾದರೂ ಇರುತ್ತದೆ. ಆ ಹತ್ತು ಮಂದಿ ಈ ಶಾಲೆಯ ಬೆಂಚುಗಳಿಂದಲೇ ಎದ್ದು ಬರಲಿ ಎಂದು ಹಾರೈಸಿ ನನ್ನ ಮಾತುಗಳನ್ನು ಮುಗಿಸುತ್ತೇನೆ.