ಎಳೆತದ ಬಲ, ಬಾಗುವ ಬಲ: ಪ್ಲಾಸ್ಟಿಕ್ ಪೈಪು ಕೊಳ್ಳುವ ಮುನ್ನ

ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಳ್ಳಾರಿಗೆ ಬಂದು, ಕೌಲ್ ಬಜಾರಿನ ಕಡೆ ಪೈಪು ಕೊಳ್ಳಲು ನಿಂತಿದ್ದೀರಿ ಎನ್ನಿ. "ಭಾಳ ಗಟ್ಟಿ ಮಾಲು ನೋಡ್ರಿ" ಎಂದು ಅಂಗಡಿಯವರು ಹೇಳುತ್ತಾರೆ. ಆಗ ಒಂದು ಮಾತು ಕೇಳಿ: ಎಳೆದರೆ ತಡೆಯುವ ಗಟ್ಟಿಯೋ, ಬಗ್ಗಿಸಿದರೆ ತಡೆಯುವ ಗಟ್ಟಿಯೋ?

ಇವೆರಡೂ ಬೇರೆ ಬೇರೆ. ಬಾವಿಯ ಹಗ್ಗಕ್ಕೆ ಬೇಕಾದ್ದು ಎಳೆತದ ಬಲ; ನೊಗಕ್ಕೆ ಬೇಕಾದ್ದು ಬಾಗುವ ಬಲ. ಪರೀಕ್ಷಾಲಯದಲ್ಲಿ ಪ್ಲಾಸ್ಟಿಕ್ಕಿನ ಪಟ್ಟಿಯನ್ನು ಎರಡು ತುದಿ ಹಿಡಿದು ಹರಿಯುವ ತನಕ ಎಳೆಯುತ್ತಾರೆ. ಇನ್ನೊಂದು ಪಟ್ಟಿಯನ್ನು ಎರಡು ಆಸರೆಯ ಮೇಲಿಟ್ಟು ನಡುವೆ ಒತ್ತುತ್ತಾರೆ. ಮೊದಲನೆಯದರಿಂದ ಎಳೆತದ ಬಲ, ಎರಡನೆಯದರಿಂದ ಬಾಗುವ ಬಲ ತಿಳಿಯುತ್ತದೆ.

ಪೈಪಿನೊಳಗೆ ಪಂಪಿನ ನೀರು ಒತ್ತಿದಾಗ ಗೋಡೆ ಸುತ್ತಲೂ ಎಳೆತಕ್ಕೆ ಸಿಗುತ್ತದೆ. ಪಿ.ವಿ.ಸಿ. ಪೈಪಿನ ಪ್ಲಾಸ್ಟಿಕ್ಕು ಚದರ ಸೆಂಟಿಮೀಟರಿಗೆ ಸುಮಾರು 450ರಿಂದ 500 ಕಿಲೋ ಎಳೆತ ತಡೆಯುತ್ತದೆ. ಸುರುಳಿಯಾಗಿ ಬರುವ ಕಪ್ಪು ಎಚ್.ಡಿ.ಪಿ.ಇ. ಸುಮಾರು 200ರಿಂದ 300 ಕಿಲೋ. ಹಾಗಾದರೆ ಕಪ್ಪು ಪೈಪು ಕೀಳೇ? ಅಲ್ಲ. ಅದು ಹರಿಯುವ ಮುನ್ನ ಬಹಳ ಹಿಗ್ಗುತ್ತದೆ, ಬಗ್ಗಿಸಿದರೆ ಬಗ್ಗುತ್ತದೆ. ಪಿ.ವಿ.ಸಿ. ಬಿರುಸು, ಜೋರಾಗಿ ಬಗ್ಗಿಸಿದರೆ, ಮೇಲೆ ಕಲ್ಲು ಬಿದ್ದರೆ ಸೀಳುತ್ತದೆ. ತಿರುವು ಹೆಚ್ಚಿದ್ದಲ್ಲಿ, ಆಗಾಗ ಎತ್ತಿಡಬೇಕಾದಲ್ಲಿ ಕಪ್ಪು ಪೈಪೇ ಮೇಲು.

ಇನ್ನು ಬಾಗುವ ಲೆಕ್ಕ. ಕಾಲುವೆ ದಾಟಿಸಲು ಪೈಪನ್ನು ಗೂಟಗಳ ಮೇಲೆ ಹಾಯಿಸುವುದುಂಟು. ಗೂಟಗಳ ಅಂತರ ಎರಡು ಪಟ್ಟಾದರೆ, ನೀರು ತುಂಬಿದ ಪೈಪಿನ ಜೋಲು ಎರಡು ಪಟ್ಟಲ್ಲ, ಸುಮಾರು 16 ಪಟ್ಟು! ಪ್ಲಾಸ್ಟಿಕ್ಕಿನ ಗುಣವೆಂದರೆ, ಭಾರ ಅಷ್ಟೇ ಇದ್ದರೂ ದಿನ ಕಳೆದಂತೆ ಇನ್ನೂ ಜೋಲುತ್ತದೆ. ಇಂದು ನೆಟ್ಟಗಿದ್ದ ಪೈಪು ಬೇಸಿಗೆ ಮುಗಿಯುವಷ್ಟರಲ್ಲಿ ಬಾಗಿ, ಜೋಡಣೆ ಬಿಚ್ಚಿಕೊಂಡೀತು. ಆದ್ದರಿಂದ ಗೂಟ ಹತ್ತಿರ ಹತ್ತಿರ ನೆಡಿ.

ಬಿಸಿಲಿನ ಮಾತನ್ನೂ ಮರೆಯಬೇಡಿ. ಪಿ.ವಿ.ಸಿ. ಪೈಪಿನ ಮೇಲೆ ಬರೆದ ಒತ್ತಡದ ಅಂಕಿ 27 ಡಿಗ್ರಿ ಉಷ್ಣಕ್ಕೆ ಲೆಕ್ಕ ಹಾಕಿದ್ದು. ನಮ್ಮ ಬಳ್ಳಾರಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಿದ್ದ ಪೈಪು ಅದಕ್ಕಿಂತ ಕಾಯುತ್ತದೆ. ಕಾದಷ್ಟೂ ಎರಡು ಬಲವೂ ಇಳಿಯುತ್ತವೆ. ವರ್ಷಗಟ್ಟಲೆ ಬಿಸಿಲುಂಡ ಪಿ.ವಿ.ಸಿ. ಪೆಡಸಾಗುತ್ತದೆ. ಕಪ್ಪು ಪೈಪಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಕಾಡಿಗೆಯಂಥ ಕರಿಪುಡಿ ಬೆರೆಸಿರುತ್ತಾರೆ. ಬಿಸಿಲನ್ನು ಅದು ತಡೆಯುತ್ತದೆ.

ನೀವು ಮಾಡಬೇಕಾದ್ದು ಇಷ್ಟು:

1. ಪಿ.ವಿ.ಸಿ. ಪೈಪಿನ ಮೇಲೆ ಐ.ಎಸ್. 4985, ಎಚ್.ಡಿ.ಪಿ.ಇ. ಪೈಪಿನ ಮೇಲೆ ಐ.ಎಸ್. 4984 ಎಂಬ ಗುರುತು, ಒತ್ತಡದ ಅಂಕಿ ಇವೆಯೇ ನೋಡಿ.

2. ಪಂಪಿನ ಒತ್ತಡಕ್ಕಿಂತ ಒಂದು ದರ್ಜೆ ಮೇಲಿನ ಪೈಪನ್ನೇ ಆರಿಸಿ.

3. ಪಿ.ವಿ.ಸಿ.ಯನ್ನು ನೇಗಿಲು ತಾಕದಷ್ಟು ಆಳದಲ್ಲಿ ಹೂಳಿ. ಎರೆ ಭೂಮಿ ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು ಪೈಪನ್ನು ಬಗ್ಗಿಸುತ್ತದೆ. ಕೆಳಗೂ ಮೇಲೂ ಮರಳು ಹಾಸಿ.

4. ಹೂಳುವ ತನಕ ಪೈಪನ್ನು ನೆರಳಿನಲ್ಲಿ, ಸಮನೆಲದ ಮೇಲೆ ಉದ್ದಕ್ಕೂ ಆಸರೆ ಕೊಟ್ಟು ಇಡಿ.

ಮೆಣಸಿನ ಗಿಡ ಹೂ ಬಿಟ್ಟ ಹೊತ್ತಿಗೆ ಪೈಪು ಒಡೆದರೆ, ಹೋಗುವುದು ಪೈಪಿನ ಹಣವಷ್ಟೇ ಅಲ್ಲ, ಆ ಸಾರಿಯ ನೀರು. ನೀರಿನ ಹಿಂದೆ ಫಸಲು. ಕೊಳ್ಳುವಾಗ ಎರಡು ಮಾತು ಹೆಚ್ಚು ಕೇಳಿದರೆ ನಷ್ಟವೇನಿಲ್ರಿ.