ಹತ್ತು ಕೋಳಿಗೆ ಒಂದು ಗೂಡು

(ಮಲೆನಾಡಿನ ಕೃಷಿ ಕೂಲಿಕಾರರ ಕೇರಿಯೊಂದರ ಸಭೆಯಲ್ಲಿ ಆಡಿದ ಮಾತುಗಳು)



ಪಕ್ಷದ ಸಭೆಯಲ್ಲಿ ಕೋಳಿಗೂಡಿನ ಮಾತೇ ಎಂದು ಹಿಂದೆ ಕುಳಿತ ಕೆಲವರು ನಗುತ್ತಿದ್ದೀರಿ. ನಗಬಹುದು. 1951ರಲ್ಲಿ ಕಾಗೋಡಿನ ರೈತರು ಸತ್ಯಾಗ್ರಹಕ್ಕೆ ನಿಂತಾಗ ಮೊದಲು ಎದ್ದ ತಕರಾರು ಭತ್ತ ಅಳೆಯುವ ಕೊಳಗದ್ದು. ಕೊಳಗವೂ ಸಣ್ಣ ವಸ್ತುವೇ. 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರನಿಗೆ ಭೂಮಿ ಸಿಕ್ಕಿತು. ಗೇಣಿಯೂ ಇಲ್ಲದೆ ಬರಿಯ ಕೂಲಿಯಿಂದ ಬದುಕಿದವರಿಗೆ ಉಳುವ ಭೂಮಿ ಬರಲಿಲ್ಲ. ಅಂಥ ಮನೆಗಳಲ್ಲಿ ಹೆಂಗಸಿನ ಕೈಯಲ್ಲೇ ಉಳಿಯುವ ದುಡ್ಡೆಂದರೆ ಕೋಳಿಯ ದುಡ್ಡು. ಮಗುವಿನ ಪುಸ್ತಕ, ಆಸ್ಪತ್ರೆಗೆ ಹೋಗುವ ಬಸ್ಸಿನ ಚಾರ್ಜು ಅದರಿಂದಲೇ ಹುಟ್ಟಬೇಕು. ಆ ದುಡ್ಡನ್ನು ರಾತ್ರಿಯ ಹೊತ್ತು ಕಾಡುಬೆಕ್ಕು ಕಚ್ಚಿಕೊಂಡು ಹೋಗುತ್ತಿದೆ. ಆದುದರಿಂದ ಈ ಮಾತು.

ನಾಟಿ ಹೇಂಟೆ ವರ್ಷಕ್ಕೆ 60–80 ಮೊಟ್ಟೆಗಿಂತ ಹೆಚ್ಚು ಇಡುವುದು ಅಪರೂಪ, ಇದರಿಂದೇನು ಲಾಭ ಎಂದು ಕೇಳುವವರುಂಟು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಕೋಳಿ ಇದಕ್ಕಿಂತ ಬಹಳ ಹೆಚ್ಚು ಇಡುತ್ತದೆ, ನಿಜ. ಆದರೆ ಅದು ಭಾರದ ಕೋಳಿ, ನಾಯಿ ಬಂದರೆ ಮರಕ್ಕೆ ಹಾರಲಾರದು. ಕಾವಿಗೆ ಕೂರುವ ಬುದ್ಧಿಯೂ ಅದಕ್ಕೆ ಕಡಿಮೆ. ಯಾವ ಜಾತಿಯನ್ನೇ ತನ್ನಿ, ರಾತ್ರಿ ಮುಚ್ಚಿಡುವ ಒಡ್ಡಿ ಇಲ್ಲದಿದ್ದರೆ ತಂದದ್ದೆಲ್ಲ ಕಾಡಿನ ಪಾಲು. ಬುಟ್ಟಿ ಕವುಚಿ ಮೇಲೆ ಕಲ್ಲಿಡುವುದು ಎರಡು ಕೋಳಿಗೆ ಸರಿ. ಹತ್ತಕ್ಕೆ ಸಾಲದು.

ಹತ್ತು ಕೋಳಿಗೆ ನಾಲ್ಕು ಅಡಿ ಉದ್ದ, ಮೂರು ಅಡಿ ಅಗಲದ ಗೂಡು ಸಾಕು, ಹಗಲೆಲ್ಲ ಅವು ಹೊರಗೇ ಮೇಯುವುದರಿಂದ. ನಮ್ಮ ಮಳೆಗೆ ನೆಲದ ಮೇಲಿನ ಗೂಡು ಆಗದು. ಎರಡು ಅಡಿ ಎತ್ತರದ ನಾಲ್ಕು ಕಾಲುಗಳ ಮೇಲೆ ಕೂರಿಸಬೇಕು. ತಳಕ್ಕೆ ಬಿದ್ದ ಅಡಿಕೆ ಮರದ ದಬ್ಬೆ, ಇಲ್ಲವೇ ಬಿದಿರಿನ ಸೀಳು. ಎರಡು ದಬ್ಬೆಯ ನಡುವೆ ಅರ್ಧ ಅಂಗುಲ ಸಂದು ಬಿಡಿ. ಹಿಕ್ಕೆ ಕೆಳಗೆ ಬೀಳುತ್ತದೆ. ಅಲ್ಲಿ ಒಣ ಎಲೆ ಹರಡಿದ್ದರೆ ಬಸಳೆ ಚಪ್ಪರಕ್ಕೆ ಗೊಬ್ಬರವಾಯಿತು. ಒಳಗೆ ಕೂರುವುದಕ್ಕೆ ಉದ್ದುದ್ದಕ್ಕೆ ಎರಡು ಗಳು ಕಟ್ಟಿ, ಎರಡೂ ಒಂದೇ ಎತ್ತರದಲ್ಲಿರಲಿ. ಒಂದು ಮೇಲೆ ಒಂದು ಕೆಳಗೆ ಕಟ್ಟಿದರೆ ಎಲ್ಲವೂ ಮೇಲಿನದಕ್ಕೇ ಜಗಳಾಡುತ್ತವೆ. ಈ ವಿಷಯದಲ್ಲಿ ಕೋಳಿಗೂ ನಮಗೂ ವ್ಯತ್ಯಾಸ ಕಡಿಮೆ.

ಮಾಡಿಗೆ ಹೋಟೆಲಿನವರು ಎಸೆಯುವ 15 ಕಿಲೋ ಎಣ್ಣೆ ಡಬ್ಬಗಳನ್ನು ಬಿಡಿಸಿ ಬಡಿದರೆ ಹತ್ತು ಡಬ್ಬದಲ್ಲಿ ಮುಗಿಯುತ್ತದೆ. ಹಿಂದಕ್ಕೆ ಇಳಿಜಾರು ಕೊಟ್ಟು ಮುಂದೂ ಹಿಂದೂ ಒಂದಡಿ ಚಾಚಿರಲಿ. ಬರಿಯ ತಗಡು ಬೇಸಗೆಯಲ್ಲಿ ಕಾಯುತ್ತದೆ, ಮೇಲೆ ಅಡಿಕೆ ಸೋಗೆ ಹೊದಿಸಿ. ಹಳೆ ಮಂಗಳೂರು ಹೆಂಚು ಸಿಕ್ಕಿದರೆ ಇನ್ನೂ ತಂಪು, ಆದರೆ ಭಾರ. ಭಾರದ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ನಿಮ್ಮಲ್ಲಿ ಎಷ್ಟು ಜನ ಮತ್ತೊಬ್ಬರ ತೋಟದ ಅಂಚಿನಲ್ಲಿ, ಹಕ್ಕುಪತ್ರವಿಲ್ಲದ ಜಾಗದಲ್ಲಿ ಇದ್ದೀರಿ? ಗೋಡೆ ಎಬ್ಬಿಸಿದರೆ ‘ನನ್ನ ಜಾಗದಲ್ಲಿ ಕಟ್ಟಡ ಕಟ್ಟಿದ’ ಎಂದು ತಕರಾರು ಬರುತ್ತದೆ. ನಾಲ್ಕು ಜನ ಹೊತ್ತು ಸಾಗಿಸಬಹುದಾದ ಗೂಡಿಗೆ ಆ ಮಾತು ಹೇಳುವುದು ಸುಲಭವಲ್ಲ. ಹಕ್ಕುಪತ್ರದ ಹೋರಾಟ ಹೋರಾಟವಾಗಿಯೇ ನಡೆಯಲಿ, ಅಲ್ಲಿಯವರೆಗೆ ಕೋಳಿ ಕಾಯುವುದಿಲ್ಲ.

ಇನ್ನು ಗೋಡೆ. ನನ್ನ ಮೊದಲ ಗೂಡಿನ ಕತೆ ಹೇಳುತ್ತೇನೆ. ಗುಜರಿ ಅಂಗಡಿಯಿಂದ ಅಗಲ ಕಣ್ಣಿನ ತಂತಿ ಬಲೆ ತಂದು ಸುತ್ತಲೂ ಬಿಗಿದೆ. ಬೆಳಿಗ್ಗೆ ನೋಡಿದರೆ ಎರಡು ಹೇಂಟೆಗಳಿಗೆ ತಲೆಯೇ ಇಲ್ಲ. ಬೆಕ್ಕು ಒಳಗೆ ಬಂದಿರಲಿಲ್ಲ. ಕಣ್ಣಿನೊಳಗೆ ಕೈ ಹಾಕಿ ಎಳೆದಿತ್ತು. ಸಿಟ್ಟಿನಿಂದ ನಾಲ್ಕೂ ಕಡೆ ತಗಡು ಬಡಿದು ಮುಚ್ಚಿಬಿಟ್ಟೆ. ತಿಂಗಳೊಳಗೆ ಹಿಕ್ಕೆಯ ಘಾಟಿಗೆ ಕೋಳಿಗಳ ಕಣ್ಣಲ್ಲಿ ನೀರು, ಮೂಗಲ್ಲಿ ಗೊರಗೊರ. ಎರಡೂ ನನ್ನ ತಪ್ಪೇ. ಆಮೇಲೆ ತಿಳಿದದ್ದು: ಕೆಳಗಿನ ಒಂದೂವರೆ ಅಡಿಗೆ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬಡಿಯಬೇಕು, ಮೇಲಿನ ಒಂದಡಿ ಗಾಳಿಗೆ ತೆರೆದಿರಬೇಕು, ಅಲ್ಲಿಗೆ ಅರ್ಧ ಅಂಗುಲ ಕಣ್ಣಿನ ಜಾಲರಿಯೇ ಆಗಬೇಕು. ದುಡ್ಡು ಕೊಟ್ಟು ತರುವುದು ಈ ಜಾಲರಿ, ಮೊಳೆ, ಕಟ್ಟುತಂತಿ, ಇಷ್ಟೇ. ಮಳೆಗಾಲದಲ್ಲಿ ಗಾಳಿ ಹೊಡೆಯುವ ಕಡೆಗೆ ಗೊಬ್ಬರದ ಖಾಲಿ ಚೀಲವನ್ನು ತೊಳೆದು ಪರದೆ ಬಿಡಿ. ಬಾಗಿಲಿನ ಕೀಲಿಗೆ ಹಳೆ ಸೈಕಲ್ ಟೈರಿನ ತುಂಡು ಹೊಡೆದರೆ ತುಕ್ಕಿನ ಭಯವಿಲ್ಲ. ಚಿಲಕ ಮಾತ್ರ ಭದ್ರವಾಗಿರಲಿ. ಹಗ್ಗದ ಗಂಟನ್ನು ನಾಯಿ ಬಿಚ್ಚುತ್ತದೆ.

ಪುಕ್ಕಟೆ ಸಿಕ್ಕಿತೆಂದು ಎಲ್ಲವನ್ನೂ ತರಕೂಡದು. ಒಡೆದ ಆಸ್ಬೆಸ್ಟಾಸ್ ಶೀಟು ಬೇಡ, ಅದರ ಧೂಳು ನಮ್ಮ ಶ್ವಾಸಕೋಶಕ್ಕೇ ಕೇಡು. ಕೀಟನಾಶಕದ ಡಬ್ಬ ಎಷ್ಟು ತೊಳೆದರೂ ಬೇಡ. ಹಳೆ ಮರದ ಬಿರುಕಿನಲ್ಲಿ ರಕ್ತ ಹೀರುವ ಹುಳುಗಳು ಅಡಗಿರುತ್ತವೆ. ಹಲಗೆಗೆ ಕುದಿನೀರು ಹೊಯ್ದು, ಬಿಸಿಲಿಗೆ ಒಣಗಿಸಿ, ಸುಣ್ಣ ಬಳಿದ ಮೇಲೆಯೇ ಮೊಳೆ ಹೊಡೆಯಿರಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಕಾಡುಬೆಕ್ಕು ಒಂದೆರಡನ್ನು ಒಯ್ಯುತ್ತದೆ, ಕೊಕ್ಕರೆ ರೋಗ ಕೇರಿಯನ್ನೇ ಬರಿದುಮಾಡುತ್ತದೆ. ರಾಣಿಖೇತ್ ಎನ್ನುವುದೂ ಇದನ್ನೇ. ಹಸಿರು ಭೇದಿ, ತಿರುಚಿದ ಕತ್ತು, ನೀವೆಲ್ಲ ನೋಡಿದ್ದೀರಿ. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಲಸಿಕೆ ಉಂಟು: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೆ ಹನಿ, ಎಂಟು ವಾರದ ಮೇಲೆ ಚುಚ್ಚುಮದ್ದು. ತೊಡಕು ಬೇರೆಡೆ ಇದೆ. ಲಸಿಕೆಯ ಸೀಸೆ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟು ಇರುತ್ತದೆ, ಮಂಜುಗಡ್ಡೆಯಲ್ಲಿ ತರಬೇಕು, ಬೆರೆಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಯಬೇಕು. ಹತ್ತು ಕೋಳಿಯವಳು ಒಬ್ಬಳೇ ಏನು ಮಾಡಿಯಾಳು? ಹತ್ತು ಮನೆಯ ಕೋಳಿ ಒಂದೇ ಹೊತ್ತಿನಲ್ಲಿ ಕೈಗೆ ಸಿಗಬೇಕು. ಮರದ ಮೇಲೆ, ಅಟ್ಟದ ಮೇಲೆ ಮಲಗುವ ಕೋಳಿಯನ್ನು ಎರಡು ಗಂಟೆಯಲ್ಲಿ ಯಾರು ಹಿಡಿದಾರು? ಎಲ್ಲರ ಮನೆಯಲ್ಲೂ ಗೂಡಿದ್ದರೆ, ಬೆಳಗಿನ ಜಾವ ಬಾಗಿಲು ತೆಗೆಯುವ ಮೊದಲೇ ಕೇರಿಯ ಅಷ್ಟೂ ಕೋಳಿಗೆ ಲಸಿಕೆ ಮುಗಿಯುತ್ತದೆ. ಒಂದು ಮನೆ ತಪ್ಪಿದರೂ ರೋಗ ಅಲ್ಲಿಂದ ಒಳಗೆ ಬರುತ್ತದೆ.

ಈ ಭಾನುವಾರ ಗರಗಸ, ಸುತ್ತಿಗೆ, ಕತ್ತಿ ಇರುವವರು ತನ್ನಿ. ಮೊದಲನೆಯ ಗೂಡು ಗಂಡಸಿನ ದುಡಿಮೆಯಿಲ್ಲದ ಮನೆಗೆ. ಲಸಿಕೆ ತರಲು ಪೇಟೆಯ ಪಶು ಆಸ್ಪತ್ರೆಗೆ ಯಾರು ಹೋಗುತ್ತೀರಿ, ಮಂಜುಗಡ್ಡೆಗೆ ಫ್ಲಾಸ್ಕು ಯಾರು ಕೊಡುತ್ತೀರಿ ಎಂಬುದನ್ನು ಏಳುವ ಮೊದಲು ಇಲ್ಲೇ ಹೇಳಿಬಿಡಿ.