ಸೋರುವ ಮಾಡಿನ ಕೆಳಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಮನೆಯೆಂದರೆ ಮೊದಲು ಮಾಡು. ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಬೀಳುವ ನೆಲವಿದು. ಮಳೆಗಾಲಕ್ಕೆ ಮುನ್ನ ಯಾರಾದರೊಬ್ಬರು ಏಣಿಯಿಟ್ಟು ಹತ್ತಿ, ಒಡೆದ ಹಂಚುಗಳನ್ನು ಬದಲಿಸಬೇಕು. ಹತ್ತಬೇಕಾದ ಹುಡುಗರು ಬೆಂಗಳೂರಿನಲ್ಲಿದ್ದಾರೆ, ಮುಂಬಯಿಯಲ್ಲಿದ್ದಾರೆ.

ಆಷಾಢದ ಒಂದು ರಾತ್ರಿ ನಮ್ಮ ಹಳೆಯ ಮನೆಯ ಚಾವಡಿಯಲ್ಲಿ ಮೂರು ಕಡೆ ಪಾತ್ರೆಗಳನ್ನಿಟ್ಟು ಕುಳಿತಿದ್ದೆ. ಊರಿಗೆ ಬಂದಿದ್ದ ಅಣ್ಣನ ಮಗ, “ಚಿಕ್ಕಪ್ಪಯ್ಯ, ಇದ್ ಒಂದ್ ಕೇಣಿ” ಎಂದು ತನ್ನ ಫೋನನ್ನು ನನ್ನ ಮುಂದಿಟ್ಟ. ಕೇಳಿಬಂದದ್ದು ಶಿಶುನಾಳ ಶರೀಫರ ತತ್ತ್ವಪದ, ಮನೆಯ ಮಾಳಿಗೆ ಸೋರುವುದನ್ನು ಕುರಿತದ್ದು. ಆದರೆ ಅದು ಗಿಟಾರಿನ ಬೆನ್ನೇರಿ ಬಂದಿತ್ತು.

ಹಾಡಿದವರು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದು, ಸೂಕ್ಷ್ಮಜೀವಿ ವಿಜ್ಞಾನವನ್ನು ಓದಿ, ಭರತನಾಟ್ಯವನ್ನು ಕಲಿತು, ಅನಂತರ ಗಿಟಾರನ್ನು ಕೈಗೆತ್ತಿಕೊಂಡವರು. 2008ರಲ್ಲಿ ಹೊರಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಪಕ್ಕದಲ್ಲಿಯೇ ಶರೀಫರ ಪದಗಳಿವೆ. ಇದೇ ಗಾಯಕ 2010ರಲ್ಲಿ ಬಿಬಿಸಿಯ ದೂರದರ್ಶನದಲ್ಲಿಯೂ ಹಾಡಿದರು.

ಮೊದಲಿಗೆ ನನಗೆ ಮುನಿಸೇ ಬಂತು. ಸಿ. ಅಶ್ವತ್ಥರ ಕಂಠದಲ್ಲಿ ಶರೀಫರನ್ನು ಕೇಳಿ ಬೆಳೆದ ಕಿವಿ ನನ್ನದು. ವಾದ್ಯಗಳ ಅಬ್ಬರದಲ್ಲಿ ಮಾತು ಅಲ್ಲಲ್ಲಿ ಹಿಂದೆ ಸರಿಯುತ್ತದೆಂದು ಈಗಲೂ ನನಗನ್ನಿಸುತ್ತದೆ. ಆದರೂ ಎರಡನೆಯ ಸಲ ಕೇಳಿದಾಗ ಬೇರೊಂದು ನೆನಪಾಯಿತು. ಅಮೆರಿಕದ ದಕ್ಷಿಣದ ಕರಿಯರು ಹತ್ತಿಯ ಹೊಲಗಳ ದುಡಿಮೆಯ ನಡುವೆ ಕಟ್ಟಿದ ಬ್ಲೂಸ್ ಎಂಬ ಗಾನವಿದೆಯಷ್ಟೆ. ಅಲ್ಲಿ ಸಾಮಾನ್ಯವಾಗಿ ಒಂದು ಸಾಲನ್ನು ಎರಡು ಬಾರಿ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಹೇಳುತ್ತಾರೆ. ನಮ್ಮ ತತ್ತ್ವಪದದ ಪಲ್ಲವಿಯೂ ತಿರುತಿರುಗಿ ಬರುವುದು ಇಂಥದೇ ಕಾರಣಕ್ಕಲ್ಲವೆ? ದುಃಖವನ್ನು ಒಮ್ಮೆ ಹೇಳಿದರೆ ಸಾಲದು.

ಹಾಡು ಮುಗಿದ ಮೇಲೆ ಹುಡುಗ ಕೇಳಿದ: “ಮಾಳಿಗೆ ಅಂದ್ರೆ ಮಹಡಿಯಾ?” ಅಲ್ಲವೆಂದೆ. ಶರೀಫರು 1819ರಿಂದ 1889ರವರೆಗೆ ಬಾಳಿದವರು. ಅವರ ಸೀಮೆಯ ಮಾಳಿಗೆ ಮಣ್ಣಿನ ಚಪ್ಪಟೆ ಛಾವಣಿ. ಮೇಲೆ ಹತ್ತಿ ತುಳಿದು ಗಟ್ಟಿಮಾಡದಿದ್ದರೆ ಸೋರುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ತಯಾರಿಸತೊಡಗಿದ ಹಂಚು ನಮ್ಮ ಕಡೆಯದು. ಇದರ ಇಳಿಜಾರೇ ಬೇರೆ. ಆದರೆ ಹತ್ತುವವರಿಲ್ಲದಿದ್ದರೆ ಎರಡೂ ಸೋರುತ್ತವೆ. ಶರೀಫರಿಗೆ ಆ ಮನೆ ನಮ್ಮ ದೇಹವೂ ಹೌದು, ಅಜ್ಞಾನ ಕವಿದ ಮನಸ್ಸೂ ಹೌದು. ಇಷ್ಟನ್ನು ಹೇಳುವಷ್ಟರಲ್ಲಿ ಪಾತ್ರೆಯೊಂದು ತುಂಬಿತ್ತು.

ಮೂವತ್ತು ವರ್ಷಗಳಿಂದ ಆ ಪದ ನನಗೆ ಬಾಯಿಪಾಠ. ಈ ಹುಡುಗನ ಮುಂದೆ ಒಮ್ಮೆಯೂ ನಾನದನ್ನು ಹಾಡಿರಲಿಲ್ಲ. ಅವನಿಗದು ದೊರೆತದ್ದು ಗಿಟಾರಿನ ಒಬ್ಬ ಅಪರಿಚಿತನಿಂದ. ಹಂಚು ಬದಲಿಸಲು ಹುಡುಗರಿಲ್ಲವೆಂದು ಅದುವರೆಗೆ ಕೊರಗುತ್ತಿದ್ದವನು ಆ ರಾತ್ರಿ ಸುಮ್ಮನಾದೆ. ಹತ್ತದೆ ಕೆಳಗೆ ಕುಳಿತವರಲ್ಲಿ ನಾನೂ ಒಬ್ಬನಾಗಿದ್ದೆ.